ಮನೆಯಲ್ಲೇ ಮರದ ಚಕ್ಕೆ ಹೊಗೆಯಲ್ಲಿ ಬಾಡು ಬೇಯಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆಯ ಮನೆಯ ತಾರಸಿ, ಹಿತ್ತಲು, ತೋಟದ ಅಂಗಳಕ್ಕೆ ಹೊಂದುವಂತೆ ಬರೆದ ಉತ್ತರಗಳಿವು. ಶಾಖದ ಅಂಕಿಗಳೆಲ್ಲ ಸೆಲ್ಸಿಯಸ್ ಲೆಕ್ಕದಲ್ಲಿವೆ.

ಕೆಂಡದ ಮೇಲೆ ಸುಡೋದಕ್ಕೂ ಹೊಗೆಯಲ್ಲಿ ಬೇಯಿಸೋದಕ್ಕೂ ಏನು ವ್ಯತ್ಯಾಸ?

ಸುಡುವಾಗ ಬಾಡು ಕೆಂಡದ ನೇರ ಮೇಲಿರುತ್ತದೆ. ಜಾಲರಿಯ ಹತ್ತಿರ ಶಾಖ 200 ಡಿಗ್ರಿ ದಾಟುತ್ತದೆ. ಚಾಪ್ಸ್, ಸಣ್ಣ ತುಂಡುಗಳು 8–15 ನಿಮಿಷದಲ್ಲಿ ಆಗಿಬಿಡುತ್ತವೆ. ಹೊಗೆಯಲ್ಲಿ ಬೇಯಿಸುವಾಗ ಕೆಂಡ ಒಂದು ಪಕ್ಕಕ್ಕೆ, ಬಾಡು ಇನ್ನೊಂದು ಪಕ್ಕಕ್ಕೆ, ಮೇಲೆ ಮುಚ್ಚಳ. ಒಳಗಿನ ಗಾಳಿ 110ರಿಂದ 135 ಡಿಗ್ರಿಯಲ್ಲಿ ನಿಂತು ಗಂಟೆಗಟ್ಟಲೆ ನಿಧಾನಕ್ಕೆ ಬೇಯುತ್ತದೆ. ಎರಡರಲ್ಲೂ ಬೇಯಿಸುವುದು ಕೆಂಡದ ಕಾವು. ಚಕ್ಕೆಯ ಹೊಗೆ ಮಸಾಲೆ ಇದ್ದ ಹಾಗೆ, ಹದವಾಗಿ ಬೀಳಬೇಕು. ಹೊಗೆಯೇ ಬೇಯಿಸುತ್ತದೆ ಎಂದುಕೊಂಡು ಚಕ್ಕೆ ಸುರಿಯುತ್ತಾ ಹೋದರೆ ಒಳ್ಳೆಯ ಬಾಡು ಕಹಿಯಾಗುತ್ತದೆ.

ಏನೇನು ಸಾಮಾನು ಬೇಕು?

ಮುಚ್ಚಳವಿರುವ, ಕೆಳಗೂ ಮೇಲೂ ಗಾಳಿಕಿಂಡಿ ಇರುವ ಒಲೆ ಬೇಕು. 57 ಸೆಂ.ಮೀ. ಅಗಲದ ಕೆಟಲ್ ಗ್ರಿಲ್ (ಗುಂಡನೆಯ ಮುಚ್ಚಳದ ಇದ್ದಲು ಒಲೆ) ನಾಲ್ಕೈದು ಜನರ ಮನೆಗೆ ಸಾಕು. ವೆಲ್ಡಿಂಗ್ ಅಂಗಡಿಯಲ್ಲಿ ಡ್ರಮ್ ಸೀಳಿಸಿ, ಕೀಲು ಹಾಕಿಸಿ, ಕಾಲು ಇಡಿಸಿಕೊಂಡರೂ ಚೆನ್ನಾಗಿಯೇ ನಡೆಯುತ್ತದೆ. ಆದರೆ ಡ್ರಮ್ಮಿನಲ್ಲಿ ಮೊದಲು ಏನಿತ್ತು ಎಂದು ಕೇಳಿಯೇ ತನ್ನಿ: ಅಡುಗೆ ಎಣ್ಣೆ ಇದ್ದದ್ದಾದರೆ ಸರಿ, ಔಷಧಿ ಅಥವಾ ಕೆಮಿಕಲ್ ಇದ್ದದ್ದು ಎಷ್ಟು ತೊಳೆದರೂ ಬೇಡ. ಮೊದಲ ಅಡುಗೆಗೆ ಮುಂಚೆ ಒಳಗೆ ಜೋರು ಸೌದೆ ಉರಿ ಹಾಕಿ ಎರಡು ಮೂರು ಗಂಟೆ ಸುಟ್ಟು, ಬಣ್ಣ, ಲೇಪ ಎಲ್ಲಾ ಹೋದ ಮೇಲೆ ಉಜ್ಜಿ, ಅಡುಗೆ ಎಣ್ಣೆ ಸವರಿ. ಜಾಲರಿಗೆ ಸತುವು ಲೇಪಿಸಿದ ಜಿ.ಐ. ಕಂಬಿ ಹಾಕಿಸಬೇಡಿ. ಕೆಂಡದ ಕಾವಿಗೆ ಸತುವು ಕರಗಿ ಅದರ ಹೊಗೆ ಬರುತ್ತದೆ. ಸ್ಟೀಲ್ ಕಂಬಿ, ಇಲ್ಲದಿದ್ದರೆ ಸಾದಾ ಕಬ್ಬಿಣ.

ಇದರ ಜೊತೆ ಉದ್ದ ಇಕ್ಕಳ, ಕೊಬ್ಬು ತೊಟ್ಟಿಕ್ಕಲು ಒಂದು ಹಳೆಯ ಅಗಲ ತಟ್ಟೆ, ಮತ್ತು ಬಾಡಿಗೆ ಚುಚ್ಚುವ ಡಿಜಿಟಲ್ ಥರ್ಮಾಮೀಟರ್. ಕೆಲವು ನೂರು ರೂಪಾಯಿಯ ಈ ಥರ್ಮಾಮೀಟರ್ ಬೇರೆಲ್ಲ ಸಾಮಾನಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಥರ್ಮಾಮೀಟರ್ ಸರಿ ತೋರಿಸುತ್ತಾ ಅಂತ ಹೇಗೆ ನೋಡೋದು?

ಲೋಟದ ತುಂಬ ಪುಡಿ ಐಸ್, ಮೇಲೆ ಸ್ವಲ್ಪ ನೀರು ಹಾಕಿ ಕದಡಿ ಚುಚ್ಚಿದರೆ 0 ತೋರಿಸಬೇಕು. ಕುದಿಯುವ ನೀರಿನಲ್ಲಿ 100 ಬರಲಿಲ್ಲ ಎಂದು ಅಂಗಡಿಗೆ ವಾಪಸ್ ಕೊಡಬೇಡಿ. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97.5 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ.

ನಮ್ಮ ಕಡೆ ಯಾವ ಮರದ ಚಕ್ಕೆ ಒಳ್ಳೆಯದು? ಆ್ಯಪಲ್, ಹಿಕರಿ ಆನ್‌ಲೈನ್‌ನಲ್ಲಿ ತರಿಸಲೇಬೇಕಾ?

ಬೇಕಿಲ್ಲ. ನಮ್ಮ ಸುತ್ತಮುತ್ತಲೇ ಅದಕ್ಕೆ ಸರಿಸಮನಾದ ಸೌದೆ ಇದೆ.

ಮೊದಲ ಜಾಗ ಹಿಪ್ಪುನೇರಳೆಗೆ. ರೇಷ್ಮೆ ಬೆಳೆಯುವ ಮದ್ದೂರು, ಮಳವಳ್ಳಿ ಕಡೆಯ ತೋಟಗಳಲ್ಲಿ ಗಿಡ ಸವರಿದಾಗ ಹೆಬ್ಬೆರಳು ದಪ್ಪದ ಕಡ್ಡಿ ರಾಶಿ ಬೀಳುತ್ತದೆ. ಅದರ ಹೊಗೆ ಹಗುರ, ತುಸು ಸಿಹಿ ವಾಸನೆಯದು. ಕೋಳಿಗೂ ಮೀನಿಗೂ ಹೇಳಿ ಮಾಡಿಸಿದಂತಿದೆ. ಹೊರದೇಶಗಳಲ್ಲೂ ಹೊಗೆ ಹಾಕಲು ಹಿಪ್ಪುನೇರಳೆಯನ್ನು ಹುಡುಕಿ ತರುತ್ತಾರೆ. ಆದರೆ ತೋಟದಲ್ಲಿ ನೇರ ಸವರಿದ ಕಡ್ಡಿಯನ್ನೇ ಕೇಳಿ. ಹುಳು ಸೊಪ್ಪು ತಿಂದು ಬಿಟ್ಟ ಕಡ್ಡಿ ಹುಳುವಿನ ಮನೆಯಿಂದ ಹೊರಗೆ ಬಿದ್ದಿರುತ್ತದೆ. ಅದರ ಮೇಲೆ ಸುಣ್ಣ, ಸೋಂಕುನಿವಾರಕ ಪುಡಿ, ಹಿಕ್ಕೆ ಎಲ್ಲಾ ಮೆತ್ತಿರುತ್ತದೆ. ಅದು ಗೊಬ್ಬರದ ಗುಂಡಿಗೆ ಸರಿ, ಅಡುಗೆಗೆ ಅಲ್ಲ. ಯಾವ ತೋಟದ್ದೇ ಆಗಲಿ, ಇತ್ತೀಚೆಗೆ ಔಷಧಿ ಹೊಡೆದಿದ್ದರೆ ಬಿಟ್ಟುಬಿಡಿ.

ಸೀಬೆ ಇನ್ನೊಂದು ಒಳ್ಳೆಯ ಸೌದೆ. ಹೊಗೆ ಮಧ್ಯಮ, ಮಟನ್ನಿಗೂ ಹಂದಿಗೂ ಒಗ್ಗುತ್ತದೆ. ಕೊಡಗಿನ ಕಡೆ ನೆಂಟರಿದ್ದರೆ ಒಣಗಿದ ಕಾಫಿ ಗಿಡದ ಕಾಂಡ ತರಿಸಿಕೊಳ್ಳಿ. ಗಟ್ಟಿ ಮರ, ನಿಧಾನಕ್ಕೆ ಹೊಗೆಯಾಡುತ್ತದೆ. ಮಾವು, ಸಪೋಟ, ಹಲಸು ಪರವಾಗಿಲ್ಲ. ಮಾವಿನ ಸೊನೆ ಮೈಗೆ ತಾಗಿದರೆ ತುರಿಕೆಯಾಗುವವರು ಮಾವಿನ ಚಕ್ಕೆ ಬಿಡುವುದು ಒಳ್ಳೆಯದು. ಹುಣಸೆ ಮತ್ತು ಸರ್ವೆಯನ್ನು ಕಾವಿಗೆ, ಅಂದರೆ ಕೆಂಡಕ್ಕೆ ಬಳಸಿ.

ಬಳ್ಳಾರಿ ಜಾಲಿ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಅದು ನಮ್ಮ ಮಣ್ಣಿನ ಗಿಡವಲ್ಲ, ಅಮೆರಿಕ ಖಂಡದಿಂದ ಬಂದದ್ದು. ಟೆಕ್ಸಾಸ್ ಕಡೆಯವರು ಬಾಡು ಸುಡಲು ಬಳಸುವ ಮೆಸ್ಕೀಟ್ ಮರದ ದಾಯಾದಿ. ಹೊಗೆ ಬಹಳ ಖಡಕ್. ಹತ್ತು ನಿಮಿಷದಲ್ಲಿ ಆಗುವ ಚಾಪ್ಸಿಗೆ ಒಂದು ಹಿಡಿ ಹಾಕಿದರೆ ಅದ್ಭುತ. ನಾಲ್ಕು ಗಂಟೆ ಬೇಯುವ ತುಂಡಿಗೆ ಅದೊಂದನ್ನೇ ಹಾಕಿದರೆ ನಾಲಿಗೆ ಒಗರಾಗುತ್ತದೆ.

ಯಾವ ಮರ ಬೇಡವೇ ಬೇಡ?

ಕಣಗಿಲೆ, ಲಂಟಾನ, ಕಳ್ಳಿ: ಇವು ವಿಷದ ಗಿಡಗಳು, ಒಂದು ಕಡ್ಡಿಯೂ ಸೇರಬಾರದು. ಬೇವು, ಹೊಂಗೆ ಕಹಿ. ನೀಲಗಿರಿಯ ಎಣ್ಣೆ ವಾಸನೆ ಬಾಡಿಗೆ ಹತ್ತಿದರೆ ಹೋಗುವುದಿಲ್ಲ. ಪಾರ್ಸೆಲ್ ಪೆಟ್ಟಿಗೆಯ ಪೈನ್ ಹಲಗೆಯಲ್ಲಿ ಅಂಟು ರಾಳ ಇರುತ್ತದೆ, ಸುಟ್ಟರೆ ಮಸಿ. ಬಡಗಿ ಅಂಗಡಿಯ ಹೊಟ್ಟು ಪುಕ್ಕಟೆ ಸಿಗುತ್ತದೆ ಎಂದು ತರುವವರು ಬಹಳ. ಅದರಲ್ಲಿ ಪ್ಲೈವುಡ್, ಎಂ.ಡಿ.ಎಫ್. (ಮರದ ನಾರನ್ನು ಅಂಟು ಹಾಕಿ ಒತ್ತಿದ ಹಲಗೆ) ಇವುಗಳ ಅಂಟು, ಪಾಲಿಶ್ ಬೆರೆತಿರುತ್ತದೆ. ಒಂದೇ ಜಾತಿಯ ಹಸಿ ದಿಮ್ಮಿಯನ್ನು ಕಣ್ಣೆದುರೇ ಕೊಯ್ದು ಕೊಟ್ಟರೆ ಮಾತ್ರ ತನ್ನಿ.

ಚಕ್ಕೆಯನ್ನು ನೀರಲ್ಲಿ ನೆನೆಸಬೇಕಾ?

ಬೇಡ. ಗಟ್ಟಿ ಮರದ ಒಳಕ್ಕೆ ಅರ್ಧ ಗಂಟೆಯಲ್ಲಿ ನೀರು ಇಳಿಯುವುದೇ ಇಲ್ಲ, ಮೇಲ್ಮೈ ಮಾತ್ರ ಒದ್ದೆಯಾಗುತ್ತದೆ. ಕೆಂಡದ ಮೇಲೆ ಹಾಕಿದಾಗ ಮೊದಲು ಬರುವ ಬಿಳಿ ಮೋಡ ಬರೀ ಆವಿ. ಆ ನೀರು ಆರುವ ತನಕ ಕೆಂಡ ತಣ್ಣಗಾಗುತ್ತದೆ, ಚಕ್ಕೆ ಸರಿಯಾಗಿ ಉರಿಯದೆ ಮಸಿ ಹೊಗೆ ಬಿಡುತ್ತದೆ. ಚಕ್ಕೆ ಬೇಗ ಉರಿದುಹೋಗುವುದೇ ನಿಮ್ಮ ಚಿಂತೆಯಾದರೆ ಫಾಯಿಲ್ ಪೊಟ್ಟಣ ಮಾಡಿ: 50–60 ಗ್ರಾಂ ಒಣ ಚಕ್ಕೆ, ಎರಡು ಪದರ ಫಾಯಿಲ್, ಮೇಲೆ ನಾಲ್ಕೈದು ತೂತು. ಕೆಂಡದ ಅಂಚಿಗಿಟ್ಟರೆ 20–30 ನಿಮಿಷ ಹೊಗೆ ಕೊಡುತ್ತದೆ. ನಿಂಬೆಹಣ್ಣಿಗಿಂತ ದೊಡ್ಡ, ಮುಷ್ಟಿ ಗಾತ್ರದ ತುಂಡಾದರೆ ಪೊಟ್ಟಣವೂ ಬೇಡ, ಒಂದೊಂದೂ ಮುಕ್ಕಾಲು ಗಂಟೆ ಬರುತ್ತದೆ.

ಬೇಕಾಗಿರುವುದು ಒಣಗಿಸುವುದು. ಹಸಿ ಕಡ್ಡಿಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಹಿಪ್ಪುನೇರಳೆಯಲ್ಲಿ ಹಾಲೂ ಇರುತ್ತದೆ. ಗೇಣುದ್ದ ಕತ್ತರಿಸಿ, ಸಿಪ್ಪೆ ಸಡಿಲವಿದ್ದರೆ ಕಿತ್ತು, ಸೀಳಿ, ಮಳೆ ಬೀಳದ ಗಾಳಿಯಾಡುವ ಜಾಗದಲ್ಲಿ ಹರಡಿ. ಫೆಬ್ರವರಿಯಿಂದ ಏಪ್ರಿಲ್ ತನಕ ಇದಕ್ಕೆ ಸರಿಯಾದ ಕಾಲ: ಕಡ್ಡಿಗೆ 4–6 ವಾರ, ದಪ್ಪ ತುಂಡಿಗೆ 5–6 ತಿಂಗಳು. ಒಣಗಿತೇ ಎಂದು ತಿಳಿಯಲು ಒಂದು ತುಂಡನ್ನು ಗುರುತು ಹಾಕಿ ಅಡುಗೆ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ. ಎರಡು ವಾರ ತೂಕ ಇಳಿಯದಿದ್ದರೆ ಆಯಿತು. ಬೂಷ್ಟು ಬಂದದ್ದನ್ನು ಎಸೆಯಿರಿ.

ಬೆಂಕಿ ಹೊತ್ತಿಸುವುದು ಹೇಗೆ?

ಇಸ್ತ್ರಿ ಅಂಗಡಿಯವರು ತರುವ ಇದ್ದಲು ಡಿಪೋದಲ್ಲೇ ನಿಮಗೂ ಸಿಗುತ್ತದೆ. ಎರಡು ತುಂಡು ಕುಟ್ಟಿದರೆ ಠಣ್ ಎನ್ನಬೇಕು. ಮೆತ್ತಗೆ ಸದ್ದು ಮಾಡಿದರೆ, ಒಳಗೆ ಕಂದು ಬಣ್ಣ ಕಂಡರೆ ಅದು ಪೂರ್ತಿ ಸುಟ್ಟಿಲ್ಲ, ಹೊಗೆ ಜಾಸ್ತಿ. ಪುಡಿಯನ್ನು ಜರಡಿ ಹಿಡಿದು ತೆಗೆದುಬಿಡಿ. ಪುಡಿ ಕೂತರೆ ಗಾಳಿ ಆಡುವುದಿಲ್ಲ.

ಸೀಮೆಎಣ್ಣೆ, ಪೆಟ್ರೋಲ್ ಹತ್ತಿರ ಸುಳಿಯಬಾರದು. ಕೆಳಗೆ ಒಣ ತೆಂಗಿನ ನಾರು, ಅದರ ಮೇಲೆ ಎರಡು ಚಿಪ್ಪು, ಮೇಲೆ ಇದ್ದಲು. 5 ಲೀಟರಿನ ಹಳೆಯ ತಗಡಿನ ಡಬ್ಬದ ಮೇಲ್ಭಾಗ ಕತ್ತರಿಸಿ ತೆಗೆದು, ಬುಡದ ಸುತ್ತ ಹತ್ತು ಹನ್ನೆರಡು ತೂತು ಹೊಡೆದು, ಅದರೊಳಗೆ ಹೀಗೆ ಜೋಡಿಸಿ ಹೊತ್ತಿಸಿದರೆ ಬೀಸುವ ಕೆಲಸವಿಲ್ಲ, 15–20 ನಿಮಿಷದಲ್ಲಿ ಕೆಂಡವಾಗುತ್ತದೆ. ಎಲ್ಲಾ ತುಂಡಿನ ಅಂಚಿಗೂ ಬೂದಿ ಬಣ್ಣ ಬಂದ ಮೇಲೆಯೇ ಒಲೆಗೆ ಸುರಿಯಿರಿ. ಕೆಂಡ ಒಂದು ಪಕ್ಕಕ್ಕೆ. ಇನ್ನೊಂದು ಪಕ್ಕ, ಬಾಡಿನ ನೇರ ಕೆಳಗೆ, ಅರ್ಧ ಲೀಟರ್ ಬಿಸಿನೀರು ತುಂಬಿದ ತಟ್ಟೆ. ಮುಚ್ಚಳದ ಕಿಂಡಿ ಬಾಡಿನ ಕಡೆ ಬರಲಿ, ಹೊಗೆ ಅದರ ಮೇಲೆ ಹಾದುಹೋಗಬೇಕು.

ಕಾವು ಒಂದೇ ಸಮ ನಿಲ್ಲುವುದೇ ಇಲ್ಲವಲ್ಲ?

ಮೇಲಿನ ಕಿಂಡಿಯನ್ನು ಪೂರ್ತಿ ತೆರೆದೇ ಇಡಿ, ಕೆಳಗಿನ ಕಿಂಡಿಯಲ್ಲೇ ಕಾವು ಹಿಡಿಯಿರಿ. ಕೆಳಗೆ ಕಾಲು ಭಾಗ ತೆರೆದರೆ ಸುಮಾರು 120 ಡಿಗ್ರಿ, ಅರ್ಧ ತೆರೆದರೆ 150ರ ಮೇಲೆ. ನಿಮ್ಮ ಒಲೆಯ ಲೆಕ್ಕ ಒಂದೆರಡು ಬಾರಿಗೆ ಗೊತ್ತಾಗುತ್ತದೆ. ಕಿಂಡಿ ಬದಲಿಸಿದ ಮೇಲೆ 10 ನಿಮಿಷ ಕಾಯಬೇಕು. ಕಾಯದೆ ಮತ್ತೆ ಮತ್ತೆ ತಿರುಗಿಸುವುದರಿಂದಲೇ ಕಾವು ಏರುಪೇರಾಗುವುದು. ನಮ್ಮ ಇದ್ದಲು ಬೇಗ ಉರಿಯುವಂಥದ್ದು, ಆದ್ದರಿಂದ 45 ನಿಮಿಷಕ್ಕೊಮ್ಮೆ 8–10 ತುಂಡು ಸೇರಿಸಿ, ಅದೂ ಡಬ್ಬದಲ್ಲಿ ಮೊದಲೇ ಕೆಂಡ ಮಾಡಿಕೊಂಡು.

ಆಷಾಢದ ಗಾಳಿಯಲ್ಲಿ ತಾರಸಿ ಮೇಲೆ ಈ ಲೆಕ್ಕವೆಲ್ಲ ತಪ್ಪುತ್ತದೆ. ಕೆಳಗಿನ ಕಿಂಡಿಗೆ ಗಾಳಿ ನೇರ ನುಗ್ಗಿದರೆ ಐದು ನಿಮಿಷದಲ್ಲಿ 200 ದಾಟುತ್ತದೆ. ಕಿಂಡಿಯನ್ನು ಗಾಳಿಗೆ ಬೆನ್ನು ಮಾಡಿ ನಿಲ್ಲಿಸಿ, ಪ್ಯಾರಾಪೆಟ್ ಗೋಡೆಯ ಮರೆಗೆ ಒಲೆ ಇಡಿ. ಕಿಡಿ ಹಾರುವಷ್ಟು ಗಾಳಿಯಿದ್ದರೆ ಆ ದಿನ ಬಿಡಿ.

ಬಾಡು ಕಹಿಯಾಯಿತು, ಮೇಲೆ ಕಪ್ಪು ಜಿಡ್ಡು ಕೂತಿತು. ಯಾಕೆ?

ಹೊಗೆ ಕೊಳಕಾಗಿತ್ತು. ಮರ ಸಾಕಷ್ಟು ಗಾಳಿ ಸಿಕ್ಕಿ ಬಿಸಿಯಾಗಿ ಉರಿದರೆ ಅದಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ಅಂಶ ಒಡೆದು ನಮಗೆ ಬೇಕಾದ ಸುವಾಸನೆಯ ಅಂಶಗಳು ಬರುತ್ತವೆ. ಹೊಗೆ ತೆಳ್ಳಗೆ, ನಸು ನೀಲಿಯಾಗಿ, ಇದೆಯೋ ಇಲ್ಲವೋ ಎಂಬಂತೆ ಕಾಣುತ್ತದೆ. ಗಾಳಿ ಸಾಲದೆ ಸರಿಯಾಗಿ ಉರಿಯದಿದ್ದರೆ ದಟ್ಟ ಬಿಳಿ ಹೊಗೆ, ಅದರಲ್ಲಿ ಟಾರಿನಂಥ ಜಿಡ್ಡು. ಬಾಡಿನ ತಣ್ಣನೆಯ ಒದ್ದೆ ಮೈ ಆ ಜಿಡ್ಡನ್ನು ಎಳೆದುಕೊಳ್ಳುತ್ತದೆ.

ಒಂದು ಪರೀಕ್ಷೆ: ಮೇಲಿನ ಕಿಂಡಿಗೆ ಒಂದು ಗೇಣು ಎತ್ತರದಲ್ಲಿ ತೊಳೆದ ಸ್ಟೀಲ್ ತಟ್ಟೆಯನ್ನು ಇಕ್ಕಳದಲ್ಲಿ ಅರ್ಧ ನಿಮಿಷ ಹಿಡಿಯಿರಿ. ಆರಿದ ಮೇಲೆ ಬೆರಳಲ್ಲಿ ಒರೆಸಿ ನೋಡಿ. ಕಂದು ಅಂಟು ಬಂದರೆ ಬಾಡು ಇಡಬೇಡಿ, ಕಿಂಡಿ ತೆರೆದು ಕಾಯಿರಿ. ಬರೀ ತೇವವಿದ್ದು ಒಳ್ಳೆಯ ವಾಸನೆ ಬಂದರೆ ಇಡಬಹುದು.

ಸಾಮಾನ್ಯ ಕಾರಣಗಳು ಇವೇ: ಹಸಿ ಅಥವಾ ನೆನೆಸಿದ ಚಕ್ಕೆ, ಮೇಲಿನ ಕಿಂಡಿ ಮುಚ್ಚಿದ್ದು, ಬೂದಿ ಕೂತು ಕೆಳಗಿನ ಕಿಂಡಿ ಕಟ್ಟಿದ್ದು, ಪೂರ್ತಿ ಕೆಂಡವಾಗದ ಇದ್ದಲು, ಹಿಂದಿನ ಸಲದ ಕೊಬ್ಬು ಒಳಗೇ ಸುಡುತ್ತಿರುವುದು. ಇನ್ನೊಂದು, ಹೊಗೆ ಅತಿಯಾದದ್ದು. ಬಾಡು ಒದ್ದೆಯಾಗಿ ತಣ್ಣಗಿರುವ ಮೊದಲ ಒಂದೂವರೆ ಎರಡು ಗಂಟೆಯಲ್ಲೇ ಹೊಗೆ ಚೆನ್ನಾಗಿ ಹಿಡಿಯುತ್ತದೆ. ಆಮೇಲೆ ಬರೀ ಕೆಂಡ ಸಾಕು.

ಭಾನುವಾರ ಬೆಳಿಗ್ಗೆ ತಂದ ತಾಜಾ ಮಟನ್ ಹೊಗೆಯಲ್ಲಿ ಇಟ್ಟರೆ ರಬ್ಬರಿನಂತೆ ಆಗುತ್ತೆ. ಸಾರಿಗೆ ಹಾಕಿದರೆ ಸರಿ ಇರುತ್ತೆ. ಯಾಕೆ?

ತೀರಾ ತಾಜಾ ಆದದ್ದೇ ಕಾರಣ. ಕಡಿದ ಕೆಲವು ಗಂಟೆಗಳಲ್ಲಿ ಸ್ನಾಯು ಬಿಗಿಯುತ್ತದೆ, ಆ ಬಿಗಿತ ಸಡಿಲವಾಗಲು ತಂಪಿನಲ್ಲಿ ಒಂದು ದಿನವಾದರೂ ಬೇಕು. ಕುಕ್ಕರಿನ ಒದ್ದೆ ಶಾಖ ಅದನ್ನು ಮುಚ್ಚಿಹಾಕುತ್ತದೆ, ಒಣ ಶಾಖ ಬಯಲು ಮಾಡುತ್ತದೆ. ಹಾಗೆಂದು ಬಿಸಿ ಆರದ ಮಾಂಸವನ್ನು ನೇರ ಫ್ರೀಜರಿಗೆ ತುರುಕಿದರೆ ಇನ್ನೂ ಕೆಡುಕು: ಬಿಗಿಯುವ ಮುಂಚೆಯೇ 10 ಡಿಗ್ರಿಗಿಂತ ಕೆಳಗೆ ಬೇಗ ಇಳಿದರೆ ಸ್ನಾಯು ಕುಗ್ಗಿ ಗಟ್ಟಿಯಾಗಿಬಿಡುತ್ತದೆ. ಮೂಳೆ ಬಿಡಿಸದ ತುಂಡು ಇಷ್ಟು ಕುಗ್ಗುವುದಿಲ್ಲ. ಆದ್ದರಿಂದ ಭಾನುವಾರದ ಅಡುಗೆಗೆ ಶುಕ್ರವಾರ ಸಂಜೆ ಅಥವಾ ಶನಿವಾರ ಬೆಳಿಗ್ಗೆಯೇ ಮೂಳೆ ಸಮೇತ ಇಡೀ ತುಂಡು ತನ್ನಿ. ಅಂಗಡಿಯವರು ಅಭ್ಯಾಸದಂತೆ ಕಡಿದುಬಿಡುತ್ತಾರೆ, ಮೊದಲೇ ಹೇಳಿ. ಫ್ರಿಜ್ಜಿನ ಕೆಳಗಿನ ಅರೆಯಲ್ಲಿ, ತಟ್ಟೆಯ ಮೇಲೆ, ಬಟ್ಟೆ ಹೊದಿಸಿ 24–36 ಗಂಟೆ ಇಡಿ.

ಯಾವ ತುಂಡು ಕೇಳಬೇಕು ಎಂದರೆ, ಭುಜ ಸಮೇತ ಮುಂಗಾಲು, 1.5ರಿಂದ 2 ಕೆಜಿ. ಟಿ. ನರಸೀಪುರ ತಾಲ್ಲೂಕಿನ ಬನ್ನೂರಿನ ಹೆಸರು ಹೊತ್ತ ಬನ್ನೂರು ಕುರಿ, ಅಂದರೆ ಮಂಡ್ಯ ತಳಿ, ಸಿಕ್ಕರೆ ಬಿಡಬೇಡಿ. ಗಿಡ್ಡ ಕಾಲು, ಅಗಲ ಮೈ, ಒಳ್ಳೆಯ ಮಾಂಸದ ತಳಿ. ಮೇಕೆ ಮಾಂಸ ಹೆಚ್ಚು ಒಣಕಲು, ಅದಕ್ಕೆ ಎಣ್ಣೆ ಸವರಬೇಕಾಗುತ್ತದೆ. ಹಂದಿಯ ಭುಜದ ಭಾಗದಲ್ಲಿ ಕೊಬ್ಬು ಹಾಸುಹೊಕ್ಕಾಗಿರುವುದರಿಂದ ಹೊಸಬರಿಗೆ ಅದೇ ಅತಿ ಸುಲಭ.

ಉಪ್ಪು, ಮಸಾಲೆ ಎಷ್ಟು? ಬೆಲ್ಲ ಹಾಕಬಹುದಾ?

ಕೆಜಿ ಬಾಡಿಗೆ 15 ಗ್ರಾಂ ಪುಡಿ ಉಪ್ಪು, ಹಿಂದಿನ ರಾತ್ರಿಯೇ ಹಚ್ಚಿ. ಬೆಳಿಗ್ಗೆ 2 ಚಮಚ ಬ್ಯಾಡಗಿ ಮೆಣಸಿನಪುಡಿ, 1 ಚಮಚ ಕಾಳುಮೆಣಸು, 1 ಚಮಚ ಧನಿಯ, ಸ್ವಲ್ಪ ಎಣ್ಣೆ. ಹಸಿ ಈರುಳ್ಳಿ, ತೆಂಗಿನಕಾಯಿ ರುಬ್ಬಿದ ದಪ್ಪ ಮಸಾಲೆ ಬೇಡ. ಅದು ಸೀಯುತ್ತದೆ, ಹೊಗೆಯನ್ನೂ ಬಾಡಿಗೆ ತಾಗಲು ಬಿಡುವುದಿಲ್ಲ.

ಮಂಡ್ಯದಲ್ಲಿದ್ದು ಬೆಲ್ಲ ಬಿಡುವುದೇಕೆ, ಖಂಡಿತ ಹಾಕಿ, ಆದರೆ ಕೊನೆಯ 15 ನಿಮಿಷದಲ್ಲಿ. ಮೊದಲೇ ಹಚ್ಚಿದರೆ ಕೆಂಡದ ಹತ್ತಿರ ಕರಿ ಕಟ್ಟಿ ಕಹಿಯಾಗುತ್ತದೆ. 100 ಗ್ರಾಂ ಅಚ್ಚು ಬೆಲ್ಲ, ಅರ್ಧ ಲೋಟ ನೀರಲ್ಲಿ ಕಿವುಚಿದ 30 ಗ್ರಾಂ ಹುಣಸೆಹಣ್ಣಿನ ರಸ, 1 ಚಮಚ ಕಾಳುಮೆಣಸು, ಅರ್ಧ ಚಮಚ ಉಪ್ಪು ಕುದಿಸಿ, ಚಮಚದ ಬೆನ್ನಿಗೆ ಅಂಟುವ ಹದಕ್ಕೆ ಇಳಿಸಿ, ಎರಡು ಸಲ ಸವರಿ.

ಮಟನ್ ಮುಂಗಾಲು ಮಾಡುವ ಕ್ರಮ ಹೇಳಿ.

ಒಲೆ 120–135 ಡಿಗ್ರಿಗೆ ಬಂದು ಹೊಗೆ ತೆಳ್ಳಗಾದ ಮೇಲೆ ಬಾಡು ಇಡಿ. ಒಟ್ಟು ಎರಡೂವರೆ ಮೂರು ಕೆಜಿ ಇದ್ದಲು, ಮುಷ್ಟಿ ಗಾತ್ರದ 3 ತುಂಡು ಸೀಬೆ ಅಥವಾ ಕಾಫಿ ಮರ ಸಾಕು. ಮೊದಲ ಒಂದೂವರೆ ಗಂಟೆ ಕೆಂಡ ಸೇರಿಸುವಾಗ ಬಿಟ್ಟರೆ ಮುಚ್ಚಳ ತೆಗೆಯಲೇಬೇಡಿ. ಬಾಡಿನ ಒಳಗಿನ ಶಾಖ 65–72 ಡಿಗ್ರಿಗೆ ಬಂದು ಅಲ್ಲೇ ನಿಂತುಬಿಡಬಹುದು. ಗಾಬರಿ ಬೇಡ, ಮೈಯ ನೀರು ಆರುತ್ತಾ ಬಾಡನ್ನು ತಂಪು ಮಾಡುತ್ತಿರುತ್ತದೆ. ಮೇಲ್ಮೈಗೆ ಒಳ್ಳೆಯ ಇಟ್ಟಿಗೆ ಬಣ್ಣ ಬಂದಿದ್ದರೆ ಬಾಡಿಸಿದ ಬಾಳೆ ಎಲೆಯಲ್ಲಿ ಸುತ್ತಿ, ಹೊರಗೆ ಫಾಯಿಲ್ ಸುತ್ತಿ, ಮತ್ತೆ ಇಡಿ. 93–95 ಡಿಗ್ರಿಗೆ ಬಂದಾಗ ಥರ್ಮಾಮೀಟರ್ ಬೆಣ್ಣೆಗೆ ಚುಚ್ಚಿದಂತೆ ಇಳಿಯುತ್ತದೆ, ಮೂಳೆ ಹಿಡಿದು ತಿರುಗಿಸಿದರೆ ಸಡಿಲ. ಒಟ್ಟು ನಾಲ್ಕರಿಂದ ಐದು ಗಂಟೆ. ಇಳಿಸಿ ಅರ್ಧ ಗಂಟೆ ಸುತ್ತಿದಂತೆಯೇ ಬಿಟ್ಟು ಬಿಚ್ಚಿ. ಎಲೆಯಲ್ಲಿ ನಿಂತ ರಸವನ್ನು ಚೆಲ್ಲಬೇಡಿ, ಮುದ್ದೆಗೆ ಅದಕ್ಕಿಂತ ಒಳ್ಳೆಯ ನೆಂಚಿಕೆ ಸಿಗದು.

ಕೋಳಿಯ ಚರ್ಮ ಮೆತ್ತಗೆ ರಬ್ಬರಾಗುತ್ತೆ, ಏನು ಮಾಡೋದು?

ಕಾವು ಸಾಲದು. ಫಾರಂ ಕೋಳಿಗೆ ಅಷ್ಟು ನಿಧಾನ ಬೇಕಿಲ್ಲ. 1.2 ಕೆಜಿಯ ಕೋಳಿಯ ಬೆನ್ನು ಮೂಳೆ ಕತ್ತರಿಸಿ, ಬಿಡಿಸಿ ಚಪ್ಪಟೆ ಮಾಡಿ. ಉಪ್ಪು ಹಚ್ಚಿ ಫ್ರಿಜ್ಜಿನಲ್ಲಿ ತೆರೆದೇ ಇಟ್ಟರೆ ಚರ್ಮ ಒಣಗುತ್ತದೆ. ಒಲೆ 160 ಡಿಗ್ರಿ, ಹಿಪ್ಪುನೇರಳೆ ಚಕ್ಕೆಯ ಎರಡು ಪೊಟ್ಟಣ, ಕಾಲುಗಳು ಕೆಂಡದ ಕಡೆಗೆ. 60–75 ನಿಮಿಷ. ಎದೆಯ ದಪ್ಪ ಭಾಗ 74 ಡಿಗ್ರಿ, ತೊಡೆ 80 ಮುಟ್ಟಬೇಕು. ಕೊನೆಗೆ ಚರ್ಮ ಕೆಳಗೆ ಮಾಡಿ ಕೆಂಡದ ಮೇಲೆ ಎರಡು ನಿಮಿಷ.

ನಾಟಿ ಕೋಳಿ?

ನೇರ ಇಡಬೇಡಿ, ವಯಸ್ಸಾದ ಹಕ್ಕಿಯ ನಾರು ಒಣ ಶಾಖಕ್ಕೆ ಬಗ್ಗುವುದಿಲ್ಲ. ಅರಿಶಿನ, ಉಪ್ಪು ಹಾಕಿ ಕುಕ್ಕರಿನಲ್ಲಿ 2–3 ವಿಷಲ್ ಕೂಗಿಸಿ, ನೀರು ಬಸಿದು, ಆರಿಸಿ, ಮಸಾಲೆ ಸವರಿ 20 ನಿಮಿಷ ಹೊಗೆ ಕೊಡಿ. ಬಸಿದ ನೀರು ಸಾರಿಗೆ.

ಮೀನು?

ಕಾಟ್ಲ, ರೋಹು ಎರಡು ಬೆರಳು ದಪ್ಪದ ತುಂಡು. ಲೀಟರ್ ನೀರಿಗೆ 50 ಗ್ರಾಂ ಉಪ್ಪು ಕರಗಿಸಿ, ಫ್ರಿಜ್ಜಿನಲ್ಲಿ 30 ನಿಮಿಷ ನೆನೆಸಿ, ಒರೆಸಿ, ಮೈ ಅಂಟಂಟಾಗುವ ತನಕ ಅಲ್ಲೇ ತೆರೆದಿಡಿ. ಆ ಅಂಟಿಗೇ ಹೊಗೆ ಹಿಡಿಯುವುದು. 100–110 ಡಿಗ್ರಿಯಲ್ಲಿ 40–60 ನಿಮಿಷ, ಒಳಗೆ 63 ಡಿಗ್ರಿ.

ಬೆಂದ ಮೇಲೂ ಒಳಗೆ ಗುಲಾಬಿ ಬಣ್ಣ ಇದೆ. ಹಸಿಯಾ?

ಅಂಚಿನಲ್ಲಿ ಉಂಗುರದಂತೆ ಕಂಡರೆ ಅದು ಹೊಗೆಯ ಗುರುತು. ಕೆಂಡ, ಮರ ಉರಿದಾಗ ಹುಟ್ಟುವ ನೈಟ್ರಿಕ್ ಆಕ್ಸೈಡ್ ಮಾಂಸದ ಕೆಂಪು ಅಂಶದ ಜೊತೆ ಸೇರಿ ಬಣ್ಣವನ್ನು ನಿಲ್ಲಿಸಿಬಿಡುತ್ತದೆ. ಬಣ್ಣ ನೋಡಿ ತೀರ್ಮಾನಿಸಬೇಡಿ. ಕೋಳಿಗೆ 74 ಬಂದಿದ್ದರೆ ಬೆಂದಿದೆ, ಬರದಿದ್ದರೆ ಬಿಳುಪಾಗಿದ್ದರೂ ಬೆಂದಿಲ್ಲ. ಹಂದಿಯನ್ನು ಲಾಡಿಹುಳುವಿನ ಭಯವಿರುವುದರಿಂದ 75ಕ್ಕಿಂತ ಕೆಳಗೆ ಇಳಿಸಲೇಬೇಡಿ.

ಅಪಾರ್ಟ್‌ಮೆಂಟಿನಲ್ಲಿದ್ದೇವೆ, ತಾರಸಿ ಇಲ್ಲ. ದಾರಿ ಇದೆಯಾ?

ಇದ್ದಲು ಒಲೆಯನ್ನು ಒಳಗಾಗಲಿ, ಗಾಜು ಮುಚ್ಚಿದ ಬಾಲ್ಕನಿಯಲ್ಲಾಗಲಿ ಹಚ್ಚಬಾರದು. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ, ವಾಸನೆ ಇಲ್ಲ; ಮುಚ್ಚಿದ ಕೋಣೆಯಲ್ಲಿ ಅದು ಜೀವ ತೆಗೆಯುತ್ತದೆ. ಆರುತ್ತಿರುವ ಒಲೆಯನ್ನೂ ಒಳಗೆ ತರಬೇಡಿ.

ಗ್ಯಾಸ್ ಒಲೆಯ ಮೇಲೆ ದಪ್ಪ ಕಬ್ಬಿಣದ ಬಾಣಲೆಯಲ್ಲಿ ಮಾಡಬಹುದು. ನಾನ್‌ಸ್ಟಿಕ್ ಬೇಡ, ಅದರ ಲೇಪ 260 ಡಿಗ್ರಿ ದಾಟಿದರೆ ಕೆಡುತ್ತದೆ. ತಳಕ್ಕೆ ಫಾಯಿಲ್, ಅದರ ಮೇಲೆ 15–20 ಗ್ರಾಂ ಸಣ್ಣ ಚಕ್ಕೆ, ಮೇಲೊಂದು ಫಾಯಿಲ್, ಅದರ ಮೇಲೆ ಜಾಲರಿ. ಆಗಲೇ ಬೇಯಿಸಿದ ಬಾಡನ್ನಿಟ್ಟು ಮುಚ್ಚಳದ ಸುತ್ತ ಗೋಧಿಹಿಟ್ಟು ಮೆತ್ತಿ. ಹೊಗೆ ಎದ್ದ ಮೇಲೆ ಸಣ್ಣ ಉರಿಯಲ್ಲಿ 10 ನಿಮಿಷ, ಆರಿಸಿ ಇನ್ನೊಂದು 10 ನಿಮಿಷ. ಕಿಟಕಿ ತೆರೆದು, ಎಕ್ಸಾಸ್ಟ್ ಫ್ಯಾನ್ ಹಾಕಿರಬೇಕು.

ಹೊರದೇಶದಲ್ಲಿ ಮಾಡುವಂತೆ ತಣ್ಣನೆಯ ಹೊಗೆಯಲ್ಲಿ ಹಸಿ ಮಾಂಸ, ಮೀನು ಹದ ಮಾಡಬಹುದಾ?

ಮನೆಯಲ್ಲಿ ಬೇಡ. ಅದಕ್ಕೆ ಹೊಗೆಯೇ 30 ಡಿಗ್ರಿಗಿಂತ ಕೆಳಗಿರಬೇಕು. ಮಾರ್ಚ್–ಏಪ್ರಿಲ್‌ನಲ್ಲಿ ನಮ್ಮ ಹೊರಗಿನ ಬಿಸಿಲೇ ಅದನ್ನು ದಾಟುತ್ತದೆ. 5ರಿಂದ 60 ಡಿಗ್ರಿ ನಡುವೆ ಗಂಟೆಗಟ್ಟಲೆ ಬಿಟ್ಟ ಮಾಂಸದಲ್ಲಿ ವಿಷ ಹುಟ್ಟಿಸುವ ಬ್ಯಾಕ್ಟೀರಿಯಾ ಬೆಳೆಯುತ್ತವೆ, ಹೊಗೆ ಅದನ್ನು ತಡೆಯುವುದಿಲ್ಲ.

ಆರೋಗ್ಯಕ್ಕೆ ತೊಂದರೆ ಇಲ್ಲವಾ?

ಇದೆ, ಮುಚ್ಚಿಡುವುದು ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಉಪ್ಪು, ಹೊಗೆ ಇತ್ಯಾದಿಗಳಿಂದ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಭಗ್ಗೆಂದು ಎದ್ದ ಹೊಗೆಯಲ್ಲಿ ಬೆಂಜೊಪೈರೀನ್‌ನಂಥ ಕ್ಯಾನ್ಸರ್ ತರುವ ಅಂಶಗಳಿರುತ್ತವೆ. ಹೆಚ್ಚಿನ ಕೊಬ್ಬು ತೆಗೆಯಿರಿ, ಬಾಡಿನ ಕೆಳಗೆ ತಟ್ಟೆ ಇಡಿ, ಕರಕಲಾದ ಅಂಚು ಕತ್ತರಿಸಿ ಎಸೆಯಿರಿ. ಹಬ್ಬ, ಬೀಗರ ಊಟದಂಥ ದಿನಕ್ಕೆ ಇಟ್ಟುಕೊಳ್ಳಿ, ವಾರ ವಾರ ಬೇಡ.

ಉಳಿದ ಬಾಡು, ಮೂಳೆ, ಬೂದಿ?

ಬಾಡನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮೂರು ದಿನದಲ್ಲಿ ಮುಗಿಸಿ. ಹೊಗೆ ಹಿಡಿದ ಮೂಳೆಗೆ ಒಂದು ಈರುಳ್ಳಿ, ಬೆಳ್ಳುಳ್ಳಿ, ನಾಲ್ಕು ಕಾಳುಮೆಣಸು ಹಾಕಿ ಕುಕ್ಕರಿನಲ್ಲಿ 5 ವಿಷಲ್ ಕೂಗಿಸಿದರೆ ಸಾರಿನ ರಸ ಸಿದ್ಧ. ಆಮೇಲೆ ಹುರುಳಿಕಾಳಿನ ಸಾರಿಗೆ ಸೇರಿಸಿ ನೋಡಿ. ಉಪ್ಪು ಮೊದಲೇ ಇರುತ್ತದೆ, ಕೊನೆಗೆ ರುಚಿ ನೋಡಿ ಹಾಕಿ. ಬೂದಿಯೊಳಗೆ ಮರುದಿನವೂ ಕೆಂಡ ಜೀವಂತ ಇರುತ್ತದೆ. ಕಿಂಡಿಗಳನ್ನೆಲ್ಲ ಮುಚ್ಚಿ ಒಂದು ದಿನ ಬಿಟ್ಟು, ನೀರು ಚಿಮುಕಿಸಿ, ಆಮೇಲೆ ತೆಂಗಿನ ಬುಡಕ್ಕೆ ಹಾಕಿ. ಪ್ಲಾಸ್ಟಿಕ್ ಕಸದ ಬುಟ್ಟಿಗೆ ಹಾಕಬೇಡಿ.